ಚಳಿಗಾಲದ ಮುನ್ಸೂಚನೆಗೆ ಕೊಟ್ಟ 2,400 ರೂಪಾಯಿ: ಶ್ರೀನಿವಾಸಪುರದ ಒಂದು ತೋಟದಿಂದ ವಿಮರ್ಶೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಮಾವಿನ ತೋಟ, ಒಂದೂವರೆ ಎಕರೆ ರಾಗಿ ಹೊಲ, ಕೊಳವೆಬಾವಿಯಲ್ಲಿ ನೀರಿದ್ದಷ್ಟು ಟೊಮೆಟೊ. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಾನು ಒಂದು ಖಾಸಗಿ ಹವಾಮಾನ ಸೇವೆಗೆ 2,400 ರೂಪಾಯಿ ಕಟ್ಟಿ, ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಐದು ತಿಂಗಳ ಚಂದಾದಾರನಾದೆ. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಬಗೆಯ ಚಂದಾ ಮಾರುವವರು ಈಗ ನಮ್ಮ ಭಾಗದಲ್ಲಿ ಒಬ್ಬರಿಬ್ಬರಲ್ಲ. ಯಾರಿಂದ ಕೊಂಡರೂ ಕೈಗೆ ಬರುವ ಸರಕು ಹೆಚ್ಚು ಕಡಿಮೆ ಒಂದೇ ರೀತಿಯದು. ಆ ಸರಕಿನಲ್ಲಿ ಯಾವ ಭಾಗಕ್ಕೆ ಬೆಲೆಯಿದೆ, ಯಾವ ಭಾಗಕ್ಕೆ ಇಲ್ಲ ಎಂಬುದನ್ನು ಒಂದು ಹಂಗಾಮು ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹಣ ಕಟ್ಟಿದ ವಾರದೊಳಗೆ ಮೊಬೈಲಿಗೆ ಹದಿನಾಲ್ಕು ಪುಟಗಳ ವರದಿಯೊಂದು ಬಂತು. ಅದರಲ್ಲಿ ಮೂರು ಭಾಗಗಳಿದ್ದವು. ಮೊದಲನೆಯದು ಇಡೀ ಹಂಗಾಮಿನ ಒಟ್ಟು ಅಂದಾಜು, ಅಂದರೆ ಹಿಂಗಾರು ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ರಾತ್ರಿಯ ಚಳಿ ಹೇಗಿರಬಹುದು ಎಂಬ ವಿವರಣೆ. ಎರಡನೆಯದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ತಾಲ್ಲೂಕುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿದ ನಕ್ಷೆ. ಮೂರನೆಯದು ಅಕ್ಟೋಬರ್ 1ರಿಂದ ಫೆಬ್ರವರಿ 28ರವರೆಗೆ ದಿನಕ್ಕೊಂದು ಸಾಲಿನಂತೆ ಮಳೆ, ಮೋಡ, ಕನಿಷ್ಠ ಮತ್ತು ಗರಿಷ್ಠ ತಾಪಮಾನ ಬರೆದ ಪಟ್ಟಿ. ಇದರ ಜೊತೆಗೆ ವಾರಕ್ಕೊಮ್ಮೆ ಗುರುವಾರ ಸಂಜೆ ಕನ್ನಡದಲ್ಲಿ ಧ್ವನಿ ಸಂದೇಶ, ಬೇಕೆಂದರೆ ಕೃಷಿ ಪದವೀಧರರೊಬ್ಬರ ಜೊತೆ ಫೋನಿನಲ್ಲಿ ಮಾತಾಡುವ ಅವಕಾಶ.

ಅಕ್ಟೋಬರ್ ಮೊದಲ ವಾರದಲ್ಲಿ ಕುಳಿತು ಮುಂದಿನ ಮೂರು ತಿಂಗಳ ಬಗ್ಗೆ ಏನನ್ನಾದರೂ ಹೇಳಲು ಸಾಧ್ಯವೇ ಎಂಬುದು ಮೊದಲ ಪ್ರಶ್ನೆ. ಸ್ವಲ್ಪಮಟ್ಟಿಗೆ ಸಾಧ್ಯ, ಮತ್ತು ಅದು ಸಾಧ್ಯವಾಗುವುದು ಸಮುದ್ರದಿಂದ. ಗಾಳಿಯ ಸ್ವಭಾವ ಕೆಲವೇ ದಿನಗಳಲ್ಲಿ ಬದಲಾಗುತ್ತದೆ, ಆದರೆ ಸಮುದ್ರದ ನೀರು ಒಮ್ಮೆ ಕಾದರೆ ಅಥವಾ ತಣಿದರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಪೆಸಿಫಿಕ್ ಮಹಾಸಾಗರದ ಸಮಭಾಜಕ ಭಾಗದ ನೀರು ವಾಡಿಕೆಗಿಂತ ಅರ್ಧ ಡಿಗ್ರಿಗೂ ಹೆಚ್ಚು ಬಿಸಿಯಾಗಿ ಕೆಲವು ತಿಂಗಳು ನಿಂತರೆ ಅದನ್ನು ಎಲ್ ನಿನೊ ಎನ್ನುತ್ತಾರೆ, ಅಷ್ಟೇ ತಣ್ಣಗಾದರೆ ಲಾ ನಿನಾ. ಎಲ್ ನಿನೊ ಎಂದ ಕೂಡಲೇ ಬರ ಎಂದು ನಾವು ಭಾವಿಸುವುದು ಮುಂಗಾರಿನ ಅನುಭವದಿಂದ. ಹಿಂಗಾರಿನಲ್ಲಿ ಈ ನಂಟು ಬಹುಮಟ್ಟಿಗೆ ತಿರುಗುಮುರುಗಾಗುತ್ತದೆ: ದಕ್ಷಿಣ ಭಾರತದಲ್ಲಿ ಎಲ್ ನಿನೊ ವರ್ಷದ ಹಿಂಗಾರು ಸಾಮಾನ್ಯವಾಗಿ ಮೇಲ್ಮುಖಕ್ಕೆ ವಾಲುತ್ತದೆ, ಲಾ ನಿನಾ ವರ್ಷದ್ದು ಕೆಳಮುಖಕ್ಕೆ. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ನಡುವಿನ ಬಿಸಿಯ ವ್ಯತ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ಈ ವಿಷಯವನ್ನು ನನಗೆ ಸಿಕ್ಕ ವರದಿ ನಾಲ್ಕು ಪುಟಗಳಲ್ಲಿ ತಿಳಿಯಾದ ಕನ್ನಡದಲ್ಲಿ ವಿವರಿಸಿತ್ತು. ಇಷ್ಟು ಸ್ಪಷ್ಟವಾದ ಬರಹವನ್ನು ನಾನು ಬೇರೆಡೆ ಓದಿರಲಿಲ್ಲ, ಅದಕ್ಕಾಗಿ ಅವರನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ವಾಲುವುದು ಬೇರೆ, ಬೀಳುವುದು ಬೇರೆ. 2016ರಲ್ಲಿ ದುರ್ಬಲ ಲಾ ನಿನಾ ಇತ್ತು, ಹಿಂಗಾರು ದಾರುಣವಾಗಿ ಕೈಕೊಟ್ಟಿತು, ಲೆಕ್ಕ ಸರಿಹೋಯಿತು. 2010ರಲ್ಲಿ ಅದಕ್ಕಿಂತ ಬಲವಾದ ಲಾ ನಿನಾ ಇದ್ದರೂ ದಕ್ಷಿಣದಲ್ಲಿ ಹಿಂಗಾರು ವಾಡಿಕೆಯನ್ನು ಮೀರಿ ಸುರಿಯಿತು. 2021 ಕೂಡ ಲಾ ನಿನಾ ವರ್ಷವೇ. ಆ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳು ಕೋಡಿ ಬಿದ್ದುದನ್ನೂ, ರಾಗಿ ತೆನೆ ಹೊಲದಲ್ಲೇ ಮೊಳಕೆ ಒಡೆದುದನ್ನೂ, ಟೊಮೆಟೊ ಕೊಳೆತು ಪೇಟೆಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದುದನ್ನೂ ಇಲ್ಲಿಯ ಯಾರೂ ಮರೆತಿಲ್ಲ. ಇನ್ನು 2023ರಲ್ಲಿ ಪ್ರಬಲ ಎಲ್ ನಿನೊ ಇತ್ತು. ಆ ಡಿಸೆಂಬರ್‌ನಲ್ಲಿ ಮೊದಲು ಚೆನ್ನೈ, ಆಮೇಲೆ ತೂತ್ತುಕುಡಿ ಮುಳುಗಿದವು, ಆದರೆ ನಮ್ಮ ಒಳನಾಡಿನಲ್ಲಿ ಅಕ್ಟೋಬರ್‌ನ ಚಿತ್ತೆ ಮಳೆಯ ದಿನಗಳು ಬಹುತೇಕ ಒಣಗಿಯೇ ಕಳೆದವು. ನಮ್ಮ ಹಿಂಗಾರು ಬಂಗಾಳ ಕೊಲ್ಲಿಯ ಮೂರೋ ನಾಲ್ಕೋ ವಾಯುಭಾರ ಕುಸಿತಗಳನ್ನು ಅವಲಂಬಿಸಿದೆ. ಅವು ಚೆನ್ನೈ ಕಡೆಯಿಂದ ಒಳಗೆ ಬಂದರೆ ಕೆರೆ ತುಂಬುತ್ತದೆ, ನೆಲ್ಲೂರಿನಿಂದ ಮೇಲಕ್ಕೆ ತಿರುಗಿದರೆ ನಮಗೆ ಮೋಡ ಮಾತ್ರ. ಕುಸಿತ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಪೆಸಿಫಿಕ್‌ನ ನೀರು ಎರಡು ತಿಂಗಳ ಮೊದಲು ಹೇಳಲಾರದು. ಮುಂಗಾರನ್ನು ಮೊದಲೇ ತಿಳಿಯಬೇಕೆಂದು ಹಿಮಾಲಯದ ಹಿಮವನ್ನು ಆಧರಿಸಿ ಹೆನ್ರಿ ಬ್ಲಾನ್‌ಫರ್ಡ್ 1886ರಲ್ಲಿ ಈ ದೇಶದ ಮೊದಲ ದೀರ್ಘಾವಧಿ ಮುನ್ಸೂಚನೆ ಕೊಟ್ಟ ಕಾಲದಿಂದಲೂ, ಅನಂತರ ಗಿಲ್ಬರ್ಟ್ ವಾಕರ್ ಪೆಸಿಫಿಕ್‌ನ ಗಾಳಿಯೊತ್ತಡದ ಏರಿಳಿತವನ್ನು ಗುರುತಿಸಿದ ಮೇಲೂ, ಈ ವಿದ್ಯೆ ಸಾಧ್ಯತೆಯ ವಿದ್ಯೆಯಾಗಿಯೇ ಬೆಳೆದು ಬಂದಿದೆ.

ಭಾರತೀಯ ಹವಾಮಾನ ಇಲಾಖೆ ಪ್ರತಿ ವರ್ಷ ಹಿಂಗಾರಿನ ಆರಂಭದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮುನ್ಸೂಚನೆಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಅದರಲ್ಲಿ ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಮತ್ತು ನಮ್ಮ ದಕ್ಷಿಣ ಒಳನಾಡು ಕರ್ನಾಟಕ, ಈ ಐದು ಹವಾಮಾನ ಉಪವಿಭಾಗಗಳನ್ನು ಒಟ್ಟಾಗಿ ತೆಗೆದುಕೊಳ್ಳುತ್ತಾರೆ. ಐದಕ್ಕೂ ಸೇರಿ ಮೂರು ತಿಂಗಳ ದೀರ್ಘಾವಧಿ ಸರಾಸರಿ ಸುಮಾರು 334 ಮಿ.ಮೀ. ಅದರ ಶೇ. 88ರಿಂದ 112ರ ಒಳಗೆ ಮಳೆಯಾದರೆ ವಾಡಿಕೆ, ಮೀರಿದರೆ ಹೆಚ್ಚು. 2024ರ ಹಿಂಗಾರಿಗೆ ಇಲಾಖೆ ಶೇ. 112ಕ್ಕಿಂತ ಹೆಚ್ಚಾಗುವ ಸಾಧ್ಯತೆಯೇ ಅಧಿಕ ಎಂದಿತ್ತು. ನನ್ನ ಚಂದಾ ವರದಿಯ ಮೊದಲ ಭಾಗದ ಅಂದಾಜೂ ಇದೇ ಆಗಿತ್ತು. ಎರಡೂ ಒಂದೇ ಮಾತು ಹೇಳಿದ್ದರಲ್ಲಿ ತಪ್ಪೇನಿಲ್ಲ; ಆದರೆ ಉಚಿತವಾಗಿ ಸಿಗುವುದಕ್ಕೆ ನಾನು ಹಣ ಕೊಟ್ಟಿದ್ದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಈ ಬಗೆಯ ಮುನ್ಸೂಚನೆಯಲ್ಲಿ ಬರುವ ಶೇಕಡಾವಾರು ಅಂಕಿಯನ್ನು ಓದುವ ಕ್ರಮವನ್ನು ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನ ತಪ್ಪು ಇಲ್ಲಿಯೇ ಆಗುತ್ತದೆ. ಹಿಂದಿನ ವರ್ಷಗಳ ಮಳೆಯನ್ನು ಕಡಿಮೆ, ವಾಡಿಕೆ, ಹೆಚ್ಚು ಎಂದು ಮೂರು ಸಮಪಾಲು ಮಾಡಿದರೆ, ಯಾವ ಮಾಹಿತಿಯೂ ಇಲ್ಲದವನು ಕೂಡ ಪ್ರತಿ ಪಾಲಿಗೆ ಶೇ. 33 ಎನ್ನಬಹುದು. ಮುನ್ಸೂಚನೆ ‘ಹೆಚ್ಚು ಮಳೆಗೆ ಶೇ. 45’ ಎಂದಾಗ, ಏನೂ ತಿಳಿಯದ ಸ್ಥಿತಿಗಿಂತ ಹನ್ನೆರಡು ಅಂಕ ಮುಂದೆ ಹೋಗಿದ್ದೇವೆ ಎಂದಷ್ಟೇ ಅರ್ಥ, ಉಳಿದ ಶೇ. 55 ಇನ್ನೂ ಬೇರೆ ಕಡೆಗೇ ಇದೆ. ಆ ಹನ್ನೆರಡು ಅಂಕ ಸಣ್ಣದಲ್ಲ. ಮಾವಿಗೆ ಹೂ ಬರಿಸುವ ಔಷಧಿಯನ್ನು ಬುಡಕ್ಕೆ ಯಾವಾಗ ಹಾಕಬೇಕು, ಟೊಮೆಟೊ ನಾಟಿಯನ್ನು ಒಂದೇ ಸಲ ಮಾಡಬೇಕೋ ಮೂರು ಕಂತಿನಲ್ಲೋ, ಅಂಗಮಾರಿಗೆ ಔಷಧಿಯನ್ನು ಮೊದಲೇ ತಂದಿಟ್ಟುಕೊಳ್ಳಬೇಕೋ ಎಂಬಂಥ ತೀರ್ಮಾನಗಳಿಗೆ ಅಷ್ಟು ಒಲವು ಸಾಕು. ನಾನು ಆ ವರ್ಷ ಟೊಮೆಟೊವನ್ನು ಎರಡು ಕಂತಾಗಿ ನಾಟಿ ಮಾಡಿದೆ. ಅಕ್ಟೋಬರ್ ನಡುವಿನ ಮಳೆಗೆ ಮೊದಲ ಕಂತು ಹಾಳಾದರೂ ಎರಡನೆಯದು ಉಳಿಯಿತು. ಈ ತೀರ್ಮಾನದ ಶ್ರೇಯಸ್ಸು ಹಂಗಾಮಿನ ಮುನ್ಸೂಚನೆಗೇ ಸಲ್ಲಬೇಕು.

ನಕ್ಷೆಯ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ನಿಲ್ಲುತ್ತದೆ. ಶ್ರೀನಿವಾಸಪುರಕ್ಕೆ ಕಡು ನೀಲಿ, ಪಕ್ಕದ ಮುಳಬಾಗಿಲಿಗೆ ತಿಳಿ ನೀಲಿ, ಚಿಂತಾಮಣಿಗೆ ಹಸಿರು. ನೋಡಲು ಬಹಳ ನಿಖರವೆನಿಸುತ್ತದೆ. ಆದರೆ ಹವಾಮಾನ ಇಲಾಖೆ ಹಂಗಾಮಿನ ಮುನ್ಸೂಚನೆಗೆ ಬಳಸುವ ಮಾನ್ಸೂನ್ ಮಿಷನ್ ಎಂಬ ಕಂಪ್ಯೂಟರ್ ಮಾದರಿಯೇ ಭೂಮಿಯನ್ನು ಸುಮಾರು 38 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಅಂಥ ಒಂದು ಚೌಕದಲ್ಲಿ ನಮ್ಮ ತಾಲ್ಲೂಕೂ ನೆರೆಯ ತಾಲ್ಲೂಕಿನ ಅರ್ಧವೂ ಒಟ್ಟಿಗೆ ಕುಳಿತುಬಿಡಬಹುದು. ಎರಡು ತಿಂಗಳು ಮೊದಲೇ ಅವುಗಳ ನಡುವೆ ವ್ಯತ್ಯಾಸ ತೋರಿಸುವ ಬಣ್ಣ ಯಾವ ಲೆಕ್ಕದಿಂದ ಬಂತು ಎಂದು ಸಲಹೆ ಕೊಡುವ ಪದವೀಧರೆಯನ್ನು ನಾನು ಫೋನಿನಲ್ಲಿ ಕೇಳಿದೆ. “ಹಳೆಯ ಮಳೆಯ ಸರಾಸರಿಯನ್ನು ಸೇರಿಸಿ ಮಾಡಿದ್ದಾರೆ ಸಾರ್, ನನಗೂ ಅಷ್ಟೇ ಗೊತ್ತು” ಎಂದು ಆ ಹೆಣ್ಣುಮಗಳು ಪ್ರಾಮಾಣಿಕವಾಗಿ ಹೇಳಿದರು. ಕುರುಡು ಚಿತ್ತೆ ಎಂದು ಹಿರಿಯರು ಕರೆದದ್ದು ಸುಮ್ಮನೆ ಅಲ್ಲ; ಆ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಹೋಗುವುದನ್ನು ಪ್ರತಿ ವರ್ಷ ನೋಡುವ ನಮಗೆ, ತಾಲ್ಲೂಕಿಗೊಂದು ಬಣ್ಣದ ನಕ್ಷೆ ಕೊಡುವಾಗ ಅದರ ಆಧಾರವನ್ನು ಕೆಳಗೆ ಬರೆಯಬೇಕಿತ್ತು.

ದಿನವಾರು ಪಟ್ಟಿಯಿಂದ ನನಗೆ ಆದದ್ದು ನಷ್ಟ. ಆ ಪಟ್ಟಿಯಲ್ಲಿ ನವೆಂಬರ್ 25ರಿಂದ ಡಿಸೆಂಬರ್ 6ರವರೆಗೆ ‘ಒಣ ಹವೆ’ ಎಂದಿತ್ತು. ರಾಗಿ ಕುಯ್ಲಿಗೆ ಆಳುಗಳು ಸಿಗುವುದು ಕಷ್ಟವಾದ್ದರಿಂದ ಹತ್ತು ದಿನ ಮೊದಲೇ ಮಾತಾಡಿ, ಮುಂಗಡ ಕೊಟ್ಟು, ನವೆಂಬರ್ 27ಕ್ಕೆ ಗೊತ್ತು ಮಾಡಿದ್ದೆ. ಹಿಂದಿನ ದಿನ ಸಂಜೆ ನಮ್ಮ ಚಿಕ್ಕಪ್ಪ ಹೊಲದ ಬದುವಿನಲ್ಲಿ ನಿಂತು, “ಕೊಲ್ಲಿಯಲ್ಲಿ ಏನೋ ಎದ್ದಿದೆಯಂತೆ, ರೇಡಿಯೋದಲ್ಲಿ ಹೇಳಿದರು. ತೆನೆ ನಿಂತಿದ್ದರೆ ನೆನೆದು ಒಣಗುತ್ತದೆ, ಅರಿ ಹಾಕಿದರೆ ಕೆಡುತ್ತದೆ. ನಾಲ್ಕು ದಿನ ತಡಿಯಪ್ಪ” ಎಂದರು. ಪಟ್ಟಿಯನ್ನು ನಂಬಿ ನಾನು ತಡೆಯಲಿಲ್ಲ. ಕೊಯ್ದ ರಾಗಿ ಅರಿ ಬಿದ್ದು ಒಣಗುತ್ತಿರುವಾಗಲೇ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿತು. ಅದು ಬೇಗ ಮುಂದೆ ಸಾಗದೆ ಅಲ್ಲಿಯೇ ತಳ ಊರಿ, ದುರ್ಬಲವಾಗುತ್ತಾ ಪಶ್ಚಿಮಕ್ಕೆ ಬಂತು. ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಮಳೆ ದಾಖಲಾಯಿತು. ನಮಗೆ ಅಂಥ ಹೊಡೆತ ಬೀಳಲಿಲ್ಲ, ಆದರೆ ಡಿಸೆಂಬರ್ 1ರಿಂದ ಮೂರು ದಿನ ಬಿಡದೆ ಹಿಡಿದ ಸೋನೆ ಸಾಕಾಗಿತ್ತು. ಮನೆಮಂದಿಯೆಲ್ಲ ಸೇರಿ ಮುಕ್ಕಾಲು ಎಕರೆಯಷ್ಟನ್ನು ಎತ್ತಿ ಟಾರ್ಪಾಲಿನ ಅಡಿಗೆ ಹಾಕಿದೆವು. ಉಳಿದದ್ದು ಹೊಲದಲ್ಲೇ ಮೊಳಕೆ ಒಡೆಯಿತು, ಹುಲ್ಲು ಕಪ್ಪಾಗಿ ದನಗಳು ಮೂಸಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆಯೇ ಒಂದು ಸಂಗತಿ. ನವೆಂಬರ್ 28ರ ಗುರುವಾರದ ಧ್ವನಿ ಸಂದೇಶದಲ್ಲಿ ಅದೇ ಸಂಸ್ಥೆಯವರು ಕೊಲ್ಲಿಯ ಕುಸಿತದ ಬಗ್ಗೆ ಹೇಳಿ, ಕೊಯ್ದ ಬೆಳೆಯನ್ನು ರಕ್ಷಿಸಿ ಎಂದಿದ್ದರು. ಆದರೆ ಮೊಬೈಲಿನಲ್ಲಿದ್ದ ದಿನವಾರು ಪಟ್ಟಿ ಆಗಲೂ ‘ಒಣ ಹವೆ’ ಎಂದೇ ತೋರಿಸುತ್ತಿತ್ತು. ಒಂದೇ ಸಂಸ್ಥೆಯ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿದ್ದಾಗ ಹಳೆಯದನ್ನು ತೆಗೆದುಹಾಕುವ ಜವಾಬ್ದಾರಿ ಅವರದು. ಅಷ್ಟಕ್ಕೂ ಅಂಥ ಪಟ್ಟಿಯನ್ನು ಕೊಡಲೇಬಾರದಿತ್ತು. ಇಂಥ ದಿನ ಇಂಥಲ್ಲಿ ಮಳೆ ಎಂದು ಹೇಳುವ ಸಾಮರ್ಥ್ಯ ವಾರದೊಳಗೆ ಚೆನ್ನಾಗಿದ್ದು, ಸುಮಾರು ಎರಡು ವಾರಕ್ಕೆ ಮುಗಿದುಹೋಗುತ್ತದೆ. ಅದು ಕಂಪ್ಯೂಟರಿನ ಕೊರತೆಯಲ್ಲ, ಗಾಳಿಯ ಗುಣ: ಇಂದಿನ ಅಳತೆಯಲ್ಲಿ ಇರುವ ಕೂದಲೆಳೆಯಷ್ಟು ದೋಷ ದಿನದಿನಕ್ಕೆ ಹಿಗ್ಗಿ ಹದಿನೈದನೆಯ ದಿನದ ಹೊತ್ತಿಗೆ ಇಡೀ ಚಿತ್ರವನ್ನೇ ಬದಲಿಸಿಬಿಡುತ್ತದೆ. ಅಕ್ಟೋಬರ್‌ನಲ್ಲಿ ಕುಳಿತು ಡಿಸೆಂಬರ್ 2ರ ಹವೆಯನ್ನು ಬರೆಯುವುದು ವಿಜ್ಞಾನದ ಹೆಸರಿನಲ್ಲಿ ಮಾಡಬಾರದ ಕೆಲಸ.

ಸಂಸ್ಥೆಯ ಜಾಹೀರಾತಿನಲ್ಲಿ ‘ಶೇ. 80 ನಿಖರತೆ’ ಎಂದು ದೊಡ್ಡ ಅಕ್ಷರಗಳಲ್ಲಿದೆ. ಯಾವುದರ ಶೇ. 80 ಎಂದು ಎಲ್ಲಿಯೂ ಇಲ್ಲ. ಕೋಲಾರದಲ್ಲಿ ಜನವರಿ ತಿಂಗಳು ಹೆಚ್ಚುಕಡಿಮೆ ಒಣ ತಿಂಗಳು; ಮೂವತ್ತೊಂದು ದಿನವೂ ‘ಮಳೆ ಇಲ್ಲ’ ಎಂದು ಬರೆದಿಟ್ಟರೆ ಏನೂ ಓದದ ಮಗುವಿನ ಪಟ್ಟಿಯೂ ಹೆಚ್ಚಿನ ವರ್ಷಗಳಲ್ಲಿ ಶೇ. 90ರ ಮೇಲೆಯೇ ಸರಿಯಾಗುತ್ತದೆ. ಮುನ್ಸೂಚನೆಯ ಯೋಗ್ಯತೆ ತಿಳಿಯಬೇಕಾದರೆ, ವಾಡಿಕೆಯನ್ನೇ ಉತ್ತರವಾಗಿ ಕೊಟ್ಟವನಿಗಿಂತ ಅದು ಎಷ್ಟು ಮುಂದಿದೆ ಎಂದು ನೋಡಬೇಕು. ಚಂದಾ ಕಟ್ಟುವ ಮೊದಲು ನಾನು ಇದನ್ನು ಕೇಳಲಿಲ್ಲ. ನೀವು ಕೇಳಿ.

ಇನ್ನು ಚಳಿಯ ಮುನ್ಸೂಚನೆ. ಹೆಚ್ಚಿನವರು ಗಮನಿಸದ ಈ ಭಾಗ ಮಾವಿನವರಿಗೆ ಬಹಳ ಮುಖ್ಯ, ಮತ್ತು ಸೇವೆಯ ಅತ್ಯುತ್ತಮ ಕೆಲಸ ನನಗೆ ಕಂಡದ್ದು ಇಲ್ಲಿ. ಚಂಡಮಾರುತದ ದಿನಗಳಲ್ಲಿ ನಾವೆಲ್ಲ ಕಂಬಳಿ ಹೊದ್ದು ನಡುಗುತ್ತೇವೆ, ಆದರೆ ಅದು ಹಗಲಿನ ಥಂಡಿ: ಮೋಡ ಮುಚ್ಚಿ ಬಿಸಿಲು ಬೀಳದೆ ಗರಿಷ್ಠ ತಾಪಮಾನ ಇಳಿದಿರುತ್ತದೆ. ಅದೇ ಮೋಡ ರಾತ್ರಿ ನೆಲದ ಬಿಸಿಯನ್ನು ಮೇಲೆ ಹೋಗಲು ಬಿಡದ ಕಾರಣ ಕನಿಷ್ಠ ತಾಪಮಾನ ಅಷ್ಟಾಗಿ ಇಳಿಯುವುದಿಲ್ಲ. ಮಾಗಿ ಚಳಿ ಬೇರೆ. ಆಕಾಶ ತಿಳಿಯಾಗಿ, ಗಾಳಿ ಒಣಗಿ, ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್‌ಗೂ ಎತ್ತರದ ನಮ್ಮ ಬಯಲು ರಾತ್ರಿಯಿಡೀ ಬಿಸಿಯನ್ನು ಬಿಟ್ಟುಕೊಟ್ಟಾಗ ಬೆಳಗಿನ ಜಾವ ಬರುವ ಚಳಿ ಅದು. ಮಾವಿನ ಮರ ಚಿಗುರುವುದನ್ನು ಬಿಟ್ಟು ಹೂವಿನ ಕಡೆಗೆ ತಿರುಗಬೇಕಾದರೆ ಈ ಒಣ ರಾತ್ರಿಗಳು ಬೇಕು. ಡಿಸೆಂಬರ್‌ನಲ್ಲಿ ಮಣ್ಣು ತೇವವಾಗಿದ್ದು ರಾತ್ರಿ ಬೆಚ್ಚಗಿದ್ದರೆ ಮರ ಎಳೆ ಚಿಗುರು ಬಿಡುತ್ತದೆ. ಹೂ ಬಂದ ಮೇಲೆ ಮೋಡ, ಮಂಜು ಕವಿದರೆ ಬೂದಿರೋಗ ಮತ್ತು ಜಿಗಿಹುಳುವಿನ ಕಾಟ ಹೆಚ್ಚುತ್ತದೆ.

ಡಿಸೆಂಬರ್ ಆರಂಭದಲ್ಲಿ ಹವಾಮಾನ ಇಲಾಖೆ ಆ ಚಳಿಗಾಲಕ್ಕೆ ದೇಶದ ಹೆಚ್ಚಿನ ಭಾಗಗಳಲ್ಲಿ ಕನಿಷ್ಠ ತಾಪಮಾನ ವಾಡಿಕೆಗಿಂತ ಹೆಚ್ಚಿರಬಹುದು, ಶೀತಗಾಳಿಯ ದಿನಗಳು ಕಡಿಮೆಯಾಗಬಹುದು ಎಂದು ತಿಳಿಸಿತ್ತು. ಬಯಲು ಸೀಮೆಯಲ್ಲಿ ಶೀತಗಾಳಿ ಎನ್ನಲು ಕನಿಷ್ಠ ತಾಪಮಾನ 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಬಂದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಇಳಿದಿರಬೇಕು. ಅದು ನಮಗೆ ಅಪರೂಪ, ಹಾಗಾಗಿ ಆ ಪ್ರಕಟಣೆಯಿಂದ ಶ್ರೀನಿವಾಸಪುರದ ಮಾವಿಗೆ ಏನರ್ಥ ಎಂದು ನನಗೆ ಹೊಳೆದಿರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದು ಚಂದಾ ಸೇವೆಯ ಆ ಪದವೀಧರೆ. ರಾತ್ರಿ ಬೆಚ್ಚಗಿರುವ ಒಲವು ಇರುವುದರಿಂದಲೂ ಫೆಂಗಲ್ ಮಳೆಯ ತೇವ ಇನ್ನೂ ಮಣ್ಣಿನಲ್ಲಿ ಇರುವುದರಿಂದಲೂ ಹೂ ತಡವಾಗಬಹುದು, ಕಾಯಿ ಕಚ್ಚುವವರೆಗೆ ನೀರು ಕೊಡಬೇಡಿ, ಬೇನಿಷಾ ತಳಿಯ ಮಾವಿನ ಮರಗಳ ಕಳೆ ತೆಗೆದು ಬುಡ ಒಣಗಲು ಬಿಡಿ, ಜಿಗಿಹುಳುವಿಗೆ ಮೊದಲ ಸಿಂಪಡಣೆಯನ್ನು ತಾರೀಖು ನೋಡಿ ಮಾಡದೆ ಹೂಗೊಂಚಲು ಹೊರಟದ್ದನ್ನು ನೋಡಿ ಮಾಡಿ ಎಂದರು. ನಮ್ಮ ತೋಟದಲ್ಲಿ ತೋತಾಪುರಿಗೆ ಹೂ ಕಂಡದ್ದು ಹಿಂದಿನ ವರ್ಷಕ್ಕಿಂತ ಮೂರು ವಾರ ತಡವಾಗಿ. ತಾರೀಖಿನ ಲೆಕ್ಕದಲ್ಲಿ ಸಿಂಪಡಿಸಿದ್ದರೆ ಒಂದು ಸುತ್ತಿನ ಔಷಧಿ ಮತ್ತು ಕೂಲಿ ವ್ಯರ್ಥವಾಗುತ್ತಿತ್ತು. ಚಂದಾ ಹಣಕ್ಕಿಂತ ಹೆಚ್ಚನ್ನು ಆ ಒಂದು ಫೋನ್ ಕರೆ ಉಳಿಸಿತು.

ಗುರುವಾರದ ಸಂದೇಶಗಳ ಬಗ್ಗೆಯೂ ಒಳ್ಳೆಯ ಮಾತನ್ನೇ ಹೇಳಬೇಕು. ಎರಡರಿಂದ ನಾಲ್ಕು ವಾರಗಳ ಮುನ್ನೋಟಕ್ಕೆ ನೆಲೆ ಒದಗಿಸುವುದು, ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ಸಾಗುತ್ತಾ ಮೂವತ್ತರಿಂದ ಅರುವತ್ತು ದಿನಗಳಲ್ಲಿ ಭೂಮಿಯನ್ನು ಸುತ್ತುವ ಮೋಡಗಳ ಒಂದು ಅಲೆ. ಮ್ಯಾಡನ್ ಮತ್ತು ಜೂಲಿಯನ್ ಎಂಬ ಇಬ್ಬರು ವಿಜ್ಞಾನಿಗಳು 1971ರಲ್ಲಿ ಅದನ್ನು ಗುರುತಿಸಿದರು. ಆ ಅಲೆ ಹಿಂದೂ ಮಹಾಸಾಗರದ ಮೇಲೆ ಇದ್ದಾಗ ಕೊಲ್ಲಿಯಲ್ಲಿ ಕುಸಿತ ಹುಟ್ಟಲು ಅನುಕೂಲ, ದಾಟಿ ಹೋದ ಮೇಲೆ ಬಿಡುವು. ಸಂದೇಶ ಇದನ್ನು ‘ಮುಂದಿನ ಹತ್ತು ದಿನ ಎಚ್ಚರ, ಆಮೇಲೆ ಬಿಡುವು ಸಿಗುವ ಸಾಧ್ಯತೆ’ ಎಂಬ ರೂಪದಲ್ಲಿ ಹೇಳುತ್ತಿತ್ತು, ತಾರೀಖು ಹೇಳುತ್ತಿರಲಿಲ್ಲ. ಐದು ತಿಂಗಳಲ್ಲಿ ನಾನು ಬರೆದಿಟ್ಟುಕೊಂಡ ಹದಿನೆಂಟು ಸಂದೇಶಗಳಲ್ಲಿ ಹದಿಮೂರು ನಮ್ಮ ಹೊಲದ ಮಟ್ಟಿಗೆ ಸರಿಹೊಂದಿದವು.

ಉಚಿತವಾಗಿ ಸಿಗುವ ಸೇವೆಗಳನ್ನು ಬಳಸದೆ ಯಾರೂ ಹಣ ಕಟ್ಟಬಾರದು. ಹವಾಮಾನ ಇಲಾಖೆ ಕೂಡ ಪ್ರತಿ ಗುರುವಾರ ಮುಂದಿನ ವಾರಗಳ ವಿಸ್ತರಿತ ಮುನ್ಸೂಚನೆ ಕೊಡುತ್ತದೆ. ಮಂಗಳವಾರ ಮತ್ತು ಶುಕ್ರವಾರಗಳಂದು ಐದು ದಿನಗಳ ಕೃಷಿ ಹವಾಮಾನ ಸಲಹೆ ಬರುತ್ತದೆ, ಅದು 2019ರಿಂದ ‘ಮೇಘದೂತ’ ಆ್ಯಪಿನಲ್ಲಿ ಕನ್ನಡದಲ್ಲಿಯೂ ಸಿಗುತ್ತಿದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ್ದು, ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ; ಅದರ ‘ವರುಣ ಮಿತ್ರ’ ಸಹಾಯವಾಣಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಉತ್ತರಿಸುತ್ತದೆ. ನವೆಂಬರ್ 26ರ ಸಂಜೆ ಚಿಕ್ಕಪ್ಪನ ಮಾತು ಕೇಳಿ ಆ ಸಹಾಯವಾಣಿಗೆ ಒಂದು ಕರೆ ಮಾಡಿದ್ದರೆ ನನ್ನ ರಾಗಿ ಉಳಿಯುತ್ತಿತ್ತು.

ಹಾಗಾಗಿ ನನ್ನ ಅಂಕಗಳು ಹೀಗಿವೆ: ಫೋನ್ ಸಲಹೆಗೆ ಐದಕ್ಕೆ ಐದು, ಗುರುವಾರದ ಸಂದೇಶಕ್ಕೆ ನಾಲ್ಕು, ಹಂಗಾಮಿನ ವಿವರಣೆಗೆ ಮೂರೂವರೆ, ತಾಲ್ಲೂಕು ನಕ್ಷೆಗೆ ಒಂದು, ದಿನವಾರು ಪಟ್ಟಿಗೆ ಸೊನ್ನೆ. ಚಂದಾ ನವೀಕರಿಸಿ ಎಂದು ಮಾರ್ಚ್‌ನಲ್ಲಿ ಕರೆ ಬಂದಾಗ ನಾನು ಎರಡು ಷರತ್ತು ಬರೆದು ಕಳುಹಿಸಿದೆ: ಹದಿನೈದು ದಿನಗಳಾಚೆಗೆ ದಿನವಾರು ಹವೆ ಬರೆಯುವುದನ್ನು ನಿಲ್ಲಿಸಬೇಕು, ಮತ್ತು ಕಳೆದ ಐದು ಹಿಂಗಾರುಗಳಲ್ಲಿ ತಾವು ಹೇಳಿದ್ದನ್ನೂ ಆದದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು. ಮೊದಲನೆಯದನ್ನು ಪರಿಶೀಲಿಸುತ್ತೇವೆ ಎಂದರು, ಎರಡನೆಯದಕ್ಕೆ ಉತ್ತರ ಬರಲಿಲ್ಲ. ಬರಿಯ ಫೋನ್ ಸಲಹೆ ಮತ್ತು ವಾರದ ಸಂದೇಶಕ್ಕೆ ಅವರಲ್ಲಿ 900 ರೂಪಾಯಿಯ ಚಂದಾ ಇದೆ; ಸದ್ಯಕ್ಕೆ ಅದನ್ನು ಮಾತ್ರ ಕಟ್ಟಿದ್ದೇನೆ.